ರಜೆಯಲ್ಲಿದ್ದಾಗ ಕಣ್ಣೆದುರೇ ಚಾಕು ತೆಗೆದರೆ ಪೊಲೀಸ್ ಆದವನು ಏನು ಮಾಡಬೇಕು?

ಪ್ರಶ್ನೆ: ಸರ್, ನಾನು ರಾಯಚೂರು ಜಿಲ್ಲೆಯ ಒಂದು ಠಾಣೆಯಲ್ಲಿ ಕಾನ್‌ಸ್ಟೆಬಲ್. ಸೇರಿ ನಾಲ್ಕು ವರ್ಷ ಆಯಿತು. ಹೋದ ತಿಂಗಳು ವಾರದ ರಜೆಗೆ (ವೀಕ್ಲಿ ಆಫ್) ಗಂಗಾವತಿ ಹತ್ತಿರದ ನಮ್ಮ ಊರಿಗೆ ಬಂದಿದ್ದೆ. ಸಂಜೆ ಗಂಗಾವತಿ ಬಸ್ ನಿಲ್ದಾಣದಲ್ಲಿ ಹೆಂಡತಿ ಮತ್ತು ಎರಡು ವರ್ಷದ ಮಗಳ ಜೊತೆ ನಿಂತಿದ್ದೆ. ಇಬ್ಬರು ಹುಡುಗರು ಹೊಡೆದಾಡಿಕೊಂಡರು, ಒಬ್ಬ ಚಾಕು ತೆಗೆದ. ಮಗಳು ನನ್ನ ಕಂಕುಳಲ್ಲಿದ್ದಳು. ದೂರದಿಂದಲೇ ಜೋರಾಗಿ ಕೂಗಿದೆ, 112ಕ್ಕೆ ಫೋನ್ ಮಾಡಿದೆ. ಅಷ್ಟರಲ್ಲಿ ಇನ್ನೊಬ್ಬನ ತೋಳಿಗೆ ಗಾಯ ಆಯಿತು. ಚಾಕು ಹಿಡಿದವನು ಬೈಕ್ ಹತ್ತಿ ಹೋದ, ನಂಬರ್ ನೋಡಿಕೊಂಡೆ. ಪೊಲೀಸ್ ಗಾಡಿ ಬರುವಾಗ ನಮ್ಮ ಬಸ್ಸೂ ಬಂತು, ಹತ್ತಿ ಹೊರಟೆವು. ಈಗ ಊರಲ್ಲಿ 'ಪೊಲೀಸ್ ಅದಾನಂತ, ನಿಂತು ನೋಡಿದ್ನಂತ' ಅಂತ ಮಾತು. ನಾನು ಮಾಡಿದ್ದು ತಪ್ಪಾ? ಡ್ಯೂಟಿ ಇಲ್ಲದಾಗ ನಾವು ಯಾವಾಗ ಕೈ ಹಾಕಬೇಕು? ಇಲಾಖೆಯಿಂದ ಏನಾದರೂ ಕ್ರಮ ಆಗುತ್ತಾ?

ಉತ್ತರ: ತಮ್ಮಾ, ನಿನ್ನ ವಯಸ್ಸಿನ ಮಗ ನನಗೂ ಇದ್ದಾನೆ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಬಳ್ಳಾರಿ, ಕೊಪ್ಪಳ, ರಾಯಚೂರು, ಮೂರೂ ಕಡೆ ಕೆಲಸ ಮಾಡಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು ನಾನು. ಈ ಪ್ರಶ್ನೆಯನ್ನು ಠಾಣೆಯ ಜಗಲಿಯಲ್ಲಿ ಕೂತು ಎಷ್ಟು ಹುಡುಗರು ನನ್ನನ್ನು ಕೇಳಿದ್ದಾರೋ ಲೆಕ್ಕ ಇಲ್ಲ.

ಮೊದಲು ನಿನಗೆ ಬೇಕಾದ ಮಾತು ಹೇಳಿಬಿಡುತ್ತೇನೆ. ಚಾಕು ಹಿಡಿದವನ ಮೇಲೆ ನೀನು ಬೀಳದೇ ಇದ್ದದ್ದು ತಪ್ಪಲ್ಲ. ಕೂಗಿದ್ದು ಸರಿ, 112ಕ್ಕೆ ಮಾಡಿದ್ದು ಸರಿ, ನಂಬರ್ ನೋಡಿಕೊಂಡದ್ದು ತುಂಬಾ ಸರಿ. ತಪ್ಪಾದದ್ದು ಆಮೇಲೆ. ಆ ನಂಬರ್ ಯಾರಿಗೂ ಕೊಡದೆ ಬಸ್ ಹತ್ತಿದೆಯಲ್ಲ, ಅದು ತಪ್ಪು. ಊರಿನವರು ಬೇರೆಯದಕ್ಕೆ ಬಯ್ಯುತ್ತಿದ್ದಾರೆ, ಆದರೆ ನನಗೆ ಬೇಜಾರಾದದ್ದು ಇದಕ್ಕೆ.

ಈಗ ಕಾನೂನು. 'ಪೊಲೀಸ್ ಅಂದರೆ 24 ಗಂಟೆ ಡ್ಯೂಟಿ' ಅಂತ ತರಬೇತಿ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಅದು ಬರೀ ಮಾತಲ್ಲ. ಬ್ರಿಟಿಷರ 1861ರ ಪೊಲೀಸ್ ಕಾಯ್ದೆಯ 22ನೇ ಕಲಂನಲ್ಲೇ ಪೊಲೀಸ್ ಅಧಿಕಾರಿ ಸದಾ ಕರ್ತವ್ಯದಲ್ಲಿದ್ದಾನೆ ಅಂತ ಭಾವಿಸಬೇಕು ಎಂದಿದೆ. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಯೂ ಅದನ್ನೇ ಹೇಳುತ್ತದೆ, ಆದರೆ ರಜೆಯ ಮೇಲಿರುವವರನ್ನು ಮತ್ತು ಅಮಾನತಿನಲ್ಲಿರುವವರನ್ನು ಬಿಟ್ಟು. ಪಾಳಿ ಮುಗಿಸಿ ಮನೆಗೆ ಹೋದವನು ಮಂಜೂರಾದ ರಜೆಯಲ್ಲಿಲ್ಲ, ಬರೀ ಡ್ಯೂಟಿ ಮುಗಿಸಿದ್ದಾನೆ ಅಷ್ಟೆ. ನಿನ್ನದು ವಾರದ ರಜೆ. ಇದನ್ನೂ ಹಾಗೇ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಮೇಲಿನವರು ಕರೆದರೆ ಅವತ್ತೇ ಹೋಗಿ ನಿಲ್ಲುವವರು ತಾನೇ ನಾವು? ಹಾಗಾಗಿ 'ನಾನು ಡ್ಯೂಟಿಯಲ್ಲಿರಲಿಲ್ಲ' ಎನ್ನುವ ಒಂದೇ ಉತ್ತರವನ್ನು ನಂಬಿಕೊಂಡು ಕೂರಬೇಡ.

ಹಾಗಾದರೆ ಹೋಗಿ ಹಿಡಿಯಲೇಬೇಕಿತ್ತಾ? ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 168ನೇ ಕಲಂ ತೆಗೆದು ನಿಧಾನವಾಗಿ ಓದು. ಹಳೆಯ ಸಿಆರ್‌ಪಿಸಿಯಲ್ಲಿ ಇದು 149 ಆಗಿತ್ತು. ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ಆಗುವುದನ್ನು ತಡೆಯಲು ಯಾವ ಪೊಲೀಸ್ ಅಧಿಕಾರಿಯಾದರೂ ನಡುವೆ ಬರಬಹುದು, ಮತ್ತು ತನ್ನಿಂದ ಆದಷ್ಟು ಮಟ್ಟಿಗೆ ತಡೆಯಬೇಕು ಅಂತ ಅದರ ಅರ್ಥ. ಈ 'ತನ್ನಿಂದ ಆದಷ್ಟು' ಎನ್ನುವ ಮಾತಿನಲ್ಲೇ ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಇದೆ. ಯೂನಿಫಾರ್ಮ್ ಹಾಕಿ, ಲಾಠಿ ಹಿಡಿದು, ವಾಕಿಟಾಕಿ ಇಟ್ಟುಕೊಂಡು, ಪಕ್ಕದಲ್ಲಿ ಇನ್ನೊಬ್ಬ ಪಿಸಿ (ಪೊಲೀಸ್ ಕಾನ್‌ಸ್ಟೆಬಲ್) ಇರುವಾಗ ನಿನ್ನಿಂದ ಆಗುವುದು ಒಂದು. ಕಂಕುಳಲ್ಲಿ ಮಗು, ಕಾಲಲ್ಲಿ ಚಪ್ಪಲಿ, ಜೇಬಿನಲ್ಲಿ ಫೋನು, ಅಷ್ಟೇ ಇದ್ದಾಗ ಆಗುವುದು ಇನ್ನೊಂದು. ಕಾನೂನು ಕೇಳುವುದು ಆ ಹೊತ್ತಿಗೆ ನಿನ್ನ ಕೈಲಿ ಎಷ್ಟು ಸಾಧ್ಯವಿತ್ತೋ ಅಷ್ಟನ್ನು. ಮಗುವನ್ನು ಹೆಂಡತಿ ಕೈಗೆ ಕೊಟ್ಟು ಓಡಬಹುದಿತ್ತು ಅಂತ ಯಾರಾದರೂ ಹೇಳಬಹುದು. ಚಾಕು ಇರುವ ಕೈ ಯಾವ ಕಡೆ ಬೀಸುತ್ತದೆ ಅಂತ ಹೇಳುವವರಿಗೆ ಗೊತ್ತಿರುವುದಿಲ್ಲ. ಬಸ್ ನಿಲ್ದಾಣದ ಗದ್ದಲದಲ್ಲಿ ನೀನು ಹೋಗಿ ಎಳೆದಾಡಿದ್ದರೆ ಆ ಚಾಕು ಮೂರನೆಯವರಿಗೂ ತಗುಲಬಹುದಿತ್ತು.

ನನ್ನದೇ ಒಂದು ಕತೆ ಹೇಳುತ್ತೇನೆ. ಕೊಪ್ಪಳ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚಿನ ಮಾತು, ನಾನು ಪಿಎಸ್‌ಐ ಆಗಿ ಎರಡನೇ ವರ್ಷ. ಸಂಬಂಧಿಕರ ಮದುವೆಗೆ ಅಂತ ಸಿಂಧನೂರಿಗೆ ಹೋಗಿದ್ದೆ, ಪಂಚೆ ಉಟ್ಟಿದ್ದೆ. ಬಸ್ ಹತ್ತುವ ನೂಕಾಟದಲ್ಲಿ ಒಬ್ಬ ಹುಡುಗ ಒಬ್ಬ ಹೆಣ್ಣುಮಗಳ ಚೀಲಕ್ಕೆ ಬ್ಲೇಡ್ ಹಾಕಿದ್ದನ್ನು ಕಣ್ಣಾರೆ ಕಂಡೆ. ಹಿಂದೆ ಮುಂದೆ ನೋಡದೆ ಅವನ ಕೊರಳಪಟ್ಟಿ ಹಿಡಿದೆ. ಅವನು ನನ್ನ ಕಡೆ ಕೈ ತೋರಿಸಿ 'ಕಳ್ಳ, ಕಳ್ಳ' ಅಂತ ಕೂಗಿದ. ಜನರಿಗೆ ಯಾರು ಗೊತ್ತು? ಯೂನಿಫಾರ್ಮ್ ಇಲ್ಲ, ಐಡಿ ಕಾರ್ಡ್ ಮದುವೆ ಮನೆಯ ಸೂಟ್‌ಕೇಸಿನಲ್ಲಿ. ಹತ್ತು ಹದಿನೈದು ಜನ ಸೇರಿ ನನಗೇ ಬಾರಿಸಿದರು. ಒಂದು ಹಲ್ಲು ಹೋಯಿತು. ಆ ಹುಡುಗನೂ ಹೋದ, ಆ ತಾಯಿಯ ದುಡ್ಡೂ ಹೋಯಿತು. ಅದೇ ಹೊತ್ತಿಗೆ ಸುಮ್ನೆ ಅವನ ಹಿಂದೆ ನಿಂತು, ನಿಲ್ದಾಣದ ಪೊಲೀಸನನ್ನು ಕರೆದಿದ್ದರೆ ಇಬ್ಬರೂ ಸೇರಿ ಹಿಡಿಯಬಹುದಿತ್ತು. ಆ ಹೆಣ್ಣುಮಗಳು ಚೀಲ ಹಿಡಿದು ಅಳುತ್ತಾ ನಿಂತದ್ದು ಇವತ್ತಿಗೂ ನೆನಪಿದೆ.

ಈಗಿನ ಕಾಲದಲ್ಲಿ ಇದು ಇನ್ನೂ ಅಪಾಯ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರು ಎನ್ನುವ ಸುಳ್ಳು ಸುದ್ದಿ ನಂಬಿ ಜನ ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಹೊಡೆದು ಕೊಂದರು. ಮೊಬೈಲಿನಲ್ಲಿ ಒಂದು ಮೆಸೇಜು ಓಡಾಡಿದರೆ ಸಾಕು, ನಮ್ಮ ಕಡೆಯ ಜನ ಒಳ್ಳೆಯವರೇ ಆದರೂ ಗುಂಪಾದ ಮೇಲೆ ಯಾರ ಮಾತನ್ನೂ ಕೇಳುವುದಿಲ್ಲ. ಮಫ್ತಿಯಲ್ಲಿ ಇರುವವನು ಯಾರನ್ನೋ ಎಳೆದಾಡಿದರೆ ನೋಡುವವರಿಗೆ ಅದು ಅಪಹರಣದ ಹಾಗೂ ಕಾಣುತ್ತದೆ, ಗೂಂಡಾಗಿರಿಯ ಹಾಗೂ ಕಾಣುತ್ತದೆ. ಜನ ಮಾತ್ರ ಅಲ್ಲ, ನಮ್ಮವರೇ ತಪ್ಪು ತಿಳಿಯಬಹುದು. 2009ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಒಮರ್ ಎಡ್ವರ್ಡ್ಸ್ ಎನ್ನುವ 25 ವರ್ಷದ ಪೊಲೀಸ್, ಡ್ಯೂಟಿ ಮುಗಿಸಿ ಹೊರಟಿದ್ದಾಗ ತನ್ನ ಕಾರಿಗೆ ನುಗ್ಗಿದ್ದವನನ್ನು ಪಿಸ್ತೂಲು ಹಿಡಿದು ಅಟ್ಟಿಸಿಕೊಂಡು ಹೋದ. ಮಫ್ತಿಯಲ್ಲಿದ್ದ ಅವನನ್ನು ಗುರುತಿಸದೆ ಇನ್ನೊಬ್ಬ ಪೊಲೀಸ್ ಗುಂಡು ಹಾರಿಸಿದ, ಎಡ್ವರ್ಡ್ಸ್ ಸತ್ತ. ಅಲ್ಲಿ ರಜೆಯ ಪೊಲೀಸರೂ ಪಿಸ್ತೂಲು ಇಟ್ಟುಕೊಂಡಿರುತ್ತಾರೆ, ನಮ್ಮಲ್ಲಿ ಕಾನ್‌ಸ್ಟೆಬಲ್ ಮನೆಗೆ ಹೋಗುವಾಗ ಬರಿಗೈ. ಆದರೂ ಪಾಠ ಒಂದೇ. ನೀನು ಪೊಲೀಸ್ ಅಂತ ನಿನಗೆ ಗೊತ್ತು, ಎದುರಿಗಿರುವವನಿಗೆ ಗೊತ್ತಿಲ್ಲ.

ಹಾಗಂತ ಯಾವಾಗಲೂ ದೂರ ನಿಲ್ಲು ಅಂತ ನಾನು ಹೇಳುವುದಿಲ್ಲ. ಒಂದು ಜೀವ ಹೋಗುವ ಹಾಗಿದೆ, ಕಾದರೆ ತಡವಾಗುತ್ತದೆ, ನೀನು ಕೈ ಹಾಕಿದರೆ ಉಳಿಯುವ ಸಾಧ್ಯತೆ ನಿಜವಾಗಿಯೂ ಇದೆ ಅನ್ನಿಸಿದರೆ ಹೋಗು. ಬಿದ್ದವನ ತಲೆ ಮೇಲೆ ಕಲ್ಲು ಎತ್ತಿ ಹಾಕುತ್ತಿದ್ದಾನೆ, ಹೆಣ್ಣುಮಗಳಿಗೆ ಬೆಂಕಿ ಹಚ್ಚಲು ಬಂದಿದ್ದಾನೆ, ಮಗುವನ್ನು ಎತ್ತಿಕೊಂಡು ಓಡುತ್ತಿದ್ದಾನೆ. ಇಂಥ ಕಡೆ ಲೆಕ್ಕ ಹಾಕುತ್ತಾ ನಿಂತರೆ ನಾವು ಈ ಬಟ್ಟೆ ಯಾಕೆ ಹಾಕಿದೆವು? ಪ್ರಾಣರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂವರೆಗೆ ಎಲ್ಲರಿಗೂ ಇದೆ, ಬೇರೆಯವರ ಪ್ರಾಣ ಉಳಿಸುವುದಕ್ಕೂ ಇದೆ. ಅದಕ್ಕೆ ಪೊಲೀಸ್ ಆಗಿರಬೇಕು ಅಂತಲೂ ಇಲ್ಲ. ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು. ಚಾಕು ಕೈಯಿಂದ ಬಿದ್ದ ಮೇಲೆ ಒಂದು ಏಟು ಜಾಸ್ತಿ ಬಿದ್ದರೂ ಅದು ರಕ್ಷಣೆ ಆಗುವುದಿಲ್ಲ, ಹಲ್ಲೆ ಆಗುತ್ತದೆ. ಅಷ್ಟು ಹೊತ್ತಿಗೆ ಐದು ಮೊಬೈಲು ಅದನ್ನು ರೆಕಾರ್ಡ್ ಮಾಡಿರುತ್ತವೆ.

ಹೋಗುವ ಮುಂಚೆ ಗಂಟಲು ಬಳಸು. 'ಪೊಲೀಸ್! ಚಾಕು ಕೆಳಗ ಹಾಕು!' ಅಂತ ಎದೆ ತುಂಬಿ ಕೂಗು. ಮೂರು ಸಲ ಕೂಗು. ಹೊಡೆಯುವವನಿಗೆ ಕೇಳದಿದ್ದರೂ ಸುತ್ತ ನಿಂತವರಿಗೆ ಕೇಳುತ್ತದೆ, ನೀನು ಯಾರು ಅಂತ ಅವರಿಗೆ ತಿಳಿಯುತ್ತದೆ, ನಾಳೆ ಸಾಕ್ಷಿ ಹೇಳುವವರೂ ಅವರೇ. ಐಡಿ ಕಾರ್ಡ್ ಎತ್ತಿ ಹಿಡಿ. ರಜೆಯಲ್ಲೂ ಕಾರ್ಡ್ ಜೇಬಿನಲ್ಲಿರಲಿ. ಪಕ್ಕದವರಲ್ಲಿ ಒಬ್ಬರನ್ನು ನೋಡಿ 'ಅಣ್ಣಾ, ನೀವು 112ಕ್ಕೆ ಹಚ್ಚಿರಿ, ಪೊಲೀಸ್ ಒಬ್ಬರು ಮಫ್ತಿಯಲ್ಲಿ ಇಲ್ಲೇ ಇದ್ದಾರೆ, ನೀಲಿ ಅಂಗಿ ಹಾಕಿದ್ದಾರೆ ಅಂತ ಹೇಳಿರಿ' ಅನ್ನು. ಅಂಗಿಯ ಬಣ್ಣ ಹೇಳುವುದು ಸಣ್ಣ ವಿಷಯ ಅನ್ನಿಸುತ್ತದೆ. ಗಾಡಿಯಿಂದ ಇಳಿಯುವ ಸಿಬ್ಬಂದಿಗೆ ಯಾರಿಗೆ ಲಾಠಿ ಬೀಸಬಾರದು ಅಂತ ಗೊತ್ತಾಗುವುದೇ ಅದರಿಂದ.

ಹಿಡಿದ ಮೇಲೆ ಏನು? ನಿನ್ನೆದುರೇ ಸಂಜ್ಞೇಯ ಅಪರಾಧ ಮಾಡಿದವನನ್ನು ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನು ಸುರಕ್ಷಾ ಸಂಹಿತೆಯ 35ನೇ ಕಲಂ ಯಾವುದೇ ಪೊಲೀಸ್ ಅಧಿಕಾರಿಗೆ ಕೊಡುತ್ತದೆ. ಬರಿಗೈಯಲ್ಲಿ ಎರಡು ಏಟು ಹಾಕಿಕೊಂಡರೆ ಅದು ಎನ್‌ಸಿ, ಅಂದರೆ ಸಂಜ್ಞೇಯವಲ್ಲದ ಕೇಸು ಆಗುತ್ತದೆ. ಚಾಕುವಿನಿಂದ ಗಾಯ ಮಾಡಿದರೆ ನ್ಯಾಯ ಸಂಹಿತೆಯ 118ನೇ ಕಲಂ, ಅದು ಸಂಜ್ಞೇಯ. ಆದರೆ ಬಂಧನ ಅಂದರೆ ಕೈ ಹಿಡಿಯುವುದಷ್ಟೇ ಅಲ್ಲವಲ್ಲ. ಸುರಕ್ಷಾ ಸಂಹಿತೆಯ 36ನೇ ಕಲಂ ಪ್ರಕಾರ ನಿನ್ನ ಹೆಸರು ಸ್ಪಷ್ಟವಾಗಿ ಕಾಣುವ ಗುರುತು ಇರಬೇಕು, ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೊಬ್ಬರ ಅಥವಾ ಆ ಊರಿನ ಗೌರವಸ್ಥರೊಬ್ಬರ ಸಹಿ ಬೇಕು. ಬಸ್ ನಿಲ್ದಾಣದಲ್ಲಿ ನಿಂತು ಇದನ್ನೆಲ್ಲ ಹೇಗೆ ಮಾಡುತ್ತೀಯ? ಅದಕ್ಕೇ ನನ್ನ ಸಲಹೆ, ತಡೆದು ಇಟ್ಟುಕೋ, ಮೊದಲು ಬಂದ ಡ್ಯೂಟಿ ಸಿಬ್ಬಂದಿಗೆ ಒಪ್ಪಿಸು. ಕಾಗದಪತ್ರದ ಕೆಲಸ ಆ ಠಾಣೆಯದು. 40ನೇ ಕಲಂ ಪ್ರಕಾರ ಸಾಮಾನ್ಯ ಜನರೂ ತಮ್ಮೆದುರೇ ಜಾಮೀನಿಲ್ಲದ ಸಂಜ್ಞೇಯ ಅಪರಾಧ ಮಾಡಿದವನನ್ನು ಹಿಡಿಯಬಹುದು, ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಸಾಮಾನ್ಯರಿಗೇ ಆರು ಗಂಟೆ ಅಂದರೆ ನಿನಗೆ ಆರು ನಿಮಿಷ ಅಂತ ಇಟ್ಟುಕೋ. ಆರೋಪಿ ಹೆಂಗಸಾದರೆ ಮೈ ಮುಟ್ಟಬೇಡ, ಮಹಿಳಾ ಸಿಬ್ಬಂದಿ ಬರುವವರೆಗೆ ಕಣ್ಣಿಟ್ಟಿರು.

ಇನ್ನು ಕೈ ಹಾಕಲೇಬಾರದ ಜಾಗಗಳು. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ.

ಟ್ರಾಫಿಕ್. ಹೆಲ್ಮೆಟ್ ಇಲ್ಲ, ಮೂರು ಜನ ಕೂತಿದ್ದಾರೆ, ಕುಡಿದು ಓಡಿಸುತ್ತಿದ್ದಾನೆ ಅಂತ ಮಫ್ತಿಯಲ್ಲಿ ನಿಂತು ಗಾಡಿ ಅಡ್ಡ ಹಾಕಬೇಡ. ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಲೈಸೆನ್ಸ್ ಕೇಳುವ ಅಧಿಕಾರ ಕೊಟ್ಟಿರುವುದು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ. ಕುಡಿದಿದ್ದಾನಾ ಅಂತ ಊದಿಸಿ ನೋಡುವ 203ನೇ ಕಲಂನಲ್ಲೂ ಸಮವಸ್ತ್ರ ಎಂಬ ಮಾತಿದೆ. ಕಾಯ್ದೆ ಬರೆದವರು ಸುಮ್ನೆ ಆ ಪದ ಹಾಕಿಲ್ಲ. ಹೆದ್ದಾರಿಯಲ್ಲಿ ಯಾರೋ ಅಂಗಿ ಪ್ಯಾಂಟಿನವನು ಕೈ ಅಡ್ಡ ಹಿಡಿದರೆ ಸಂಸಾರ ಕರೆದುಕೊಂಡು ಹೋಗುವವನು ಗಾಡಿ ನಿಲ್ಲಿಸಬೇಕಾ, ಓಡಿಸಿಕೊಂಡು ಹೋಗಬೇಕಾ? ಕುಡಿದು ಓಡಿಸುವವನು ಕಂಡರೆ ನಂಬರು ಮತ್ತು ಯಾವ ಕಡೆ ಹೋದ ಅಂತ 112ಕ್ಕೆ ಹೇಳು.

ಕದ್ದು ಸಾಗಿಸುವ ಮರಳು. ತುಂಗಭದ್ರೆ, ಕೃಷ್ಣೆ ದಂಡೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಮನೆ ಮುಂದೆ ಟ್ರ್ಯಾಕ್ಟರು ಹೋಗುತ್ತದೆ, ನೀನು ಪೊಲೀಸ್, ಊರಿನವರು ನಿನ್ನ ಮುಖ ನೋಡುತ್ತಾರೆ. ಒಬ್ಬನೇ ಅಡ್ಡ ಹೋಗಿ ನಿಲ್ಲಬೇಡ. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲೂಕಿನಲ್ಲಿ ಮರಳು ಲಾರಿ ತಡೆಯಲು ಹೋದ ಗ್ರಾಮ ಲೆಕ್ಕಿಗರೊಬ್ಬರು ಅದೇ ಲಾರಿಗೆ ಸಿಕ್ಕಿ ಸತ್ತರು. 2023ರ ಜೂನಿನಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಮರಳಿನ ಟ್ರ್ಯಾಕ್ಟರ್ ಹರಿದು ಒಬ್ಬ ಹೆಡ್ ಕಾನ್‌ಸ್ಟೆಬಲ್ ಸತ್ತರು. ಇಬ್ಬರೂ ಸರ್ಕಾರಿ ಕೆಲಸದ ಮೇಲೇ ಇದ್ದವರು. ಡ್ಯೂಟಿಯಲ್ಲಿ ಇದ್ದವರಿಗೇ ಹೀಗಾದರೆ, ರಜೆಯಲ್ಲಿ ಟಾರ್ಚ್ ಹಿಡಿದು ಹೋದವನ ಗತಿ ಏನು? ಹೊತ್ತು, ದಾರಿ, ಗಾಡಿ ನಂಬರು ಬರೆದು ಆ ಠಾಣೆಯ ಪಿಎಸ್‌ಐಗೆ ತಿಳಿಸು. ಅಲ್ಲಿ ಕೇಳಿಸಿಕೊಳ್ಳುವವರು ಇಲ್ಲ ಅನ್ನಿಸಿದರೆ ಡಿವೈಎಸ್‌ಪಿಗೆ ತಿಳಿಸು. ಮಟ್ಕಾ, ಇಸ್ಪೀಟಿನ ಅಡ್ಡೆಗೂ ಇದೇ ಮಾತು. ಮಾಹಿತಿ ಕೊಡುವುದೇ ದೊಡ್ಡ ಕೆಲಸ, ಒಬ್ಬನೇ ರೇಡ್ ಮಾಡಲು ಹೋಗಬೇಡ.

ಕೊನೆಯದು, ನಿನ್ನ ಸ್ವಂತ ಜಗಳ. ನನ್ನ ಸೇವೆಯಲ್ಲಿ ಹುಡುಗರು ಅತಿ ಹೆಚ್ಚು ಕೆಟ್ಟದ್ದು ಇಲ್ಲೇ. ಹೊಲದ ಬದುವಿನ ತಕರಾರು, ಕಾಲುವೆ ನೀರಿನ ಪಾಳಿ, ತಮ್ಮನ ಮದುವೆಯಲ್ಲಿ ಆದ ಮಾತು, ತಂಗಿಗೆ ಯಾರೋ ಏನೋ ಅಂದದ್ದು. ಆಗ ಕೈ ತಾನಾಗಿ ಐಡಿ ಕಾರ್ಡಿಗೆ ಹೋಗುತ್ತದೆ. ಹೋಗಬಾರದು. ನೀನೇ ಒಂದು ಪಾರ್ಟಿ ಆಗಿರುವ ಕಡೆ ನೀನು ಪೊಲೀಸ್ ಅಲ್ಲ. ದೂರು ಕೊಡುವವನು ಅಥವಾ ದೂರಿಗೆ ಉತ್ತರ ಕೊಡುವವನು, ಅಷ್ಟೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಮತ್ತು ಸುರಕ್ಷಾ ಸಂಹಿತೆಯ 218ನೇ ಕಲಂ, ಸರ್ಕಾರದ ಅನುಮತಿ ಇಲ್ಲದೆ ನಮ್ಮ ಮೇಲೆ ಕೇಸು ನಡೆಸಬಾರದು ಅನ್ನುತ್ತವೆ ಅಂತ ಹುಡುಗರು ಧೈರ್ಯವಾಗಿರುತ್ತಾರೆ. 2020ರಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ರಕ್ಷಣೆಯನ್ನು ಎತ್ತಿಹಿಡಿಯಿತು, ನಿಜ. ಆದರೆ ಮಾಡಿದ ಕೆಲಸಕ್ಕೂ ಕರ್ತವ್ಯಕ್ಕೂ ತಕ್ಕ ಸಂಬಂಧ ಇರಬೇಕು ಎನ್ನುವುದು ಅದರ ಜೀವಾಳ. ಬದುವಿನ ಜಗಳಕ್ಕೂ ಕರ್ತವ್ಯಕ್ಕೂ ಯಾವ ಸಂಬಂಧ? ಕೋರ್ಟಿನ ಜೊತೆಗೆ 1965ರ ಶಿಸ್ತು ಕ್ರಮದ ನಿಯಮಗಳಡಿ ಇಲಾಖಾ ವಿಚಾರಣೆಯೂ ಬರುತ್ತದೆ. ಬಡ್ತಿ ನಿಲ್ಲುತ್ತದೆ, ಇನ್ಕ್ರಿಮೆಂಟ್ ನಿಲ್ಲುತ್ತದೆ, ಮನೆಯಲ್ಲಿ ನೆಮ್ಮದಿ ಇರುವುದಿಲ್ಲ. ಕುಡಿದಿದ್ದರೂ ಇದೇ. ಒಂದು ಪೆಗ್ ಒಳಗೆ ಹೋಗಿದ್ದರೆ ಫೋನ್ ಮಾಡುವುದರಾಚೆ ಏನೂ ಬೇಡ.

ಬಳ್ಳಾರಿಯ ಹುಡುಗರು ಇನ್ನೊಂದು ಕೇಳುತ್ತಾರೆ. ಗುಂತಕಲ್ಲಿಗೋ ರಾಯದುರ್ಗಕ್ಕೋ ಹೋದಾಗ, ರಾಯಚೂರಿನವರು ಮಂತ್ರಾಲಯಕ್ಕೆ ಹೋದಾಗ ಏನಾದರೂ ಕಂಡರೆ? ಬೇರೆ ರಾಜ್ಯ. ಇಲ್ಲಿಂದಲೇ ಬೆನ್ನು ಹತ್ತಿಕೊಂಡು ಹೋದ ಆರೋಪಿಯನ್ನು ಗಡಿ ದಾಟಿ ಹಿಡಿಯಲು ಕಾನೂನು ಬಿಡುತ್ತದೆ. ಆದರೆ ದೇವರ ದರ್ಶನಕ್ಕೆ ಹೋದವನು ಅಲ್ಲಿ ಸಾಮಾನ್ಯ ಮನುಷ್ಯನ ಹಾಗೆ ನಡೆದುಕೊಳ್ಳುವುದೇ ಕ್ಷೇಮ. 112 ಅಲ್ಲೂ ಕೆಲಸ ಮಾಡುತ್ತದೆ.

ಅಪಘಾತ, ಬೆಂಕಿ, ನೀರಿಗೆ ಬಿದ್ದವರು, ಇದರಲ್ಲಿ ಯೋಚನೆಯೇ ಬೇಡ, ಓಡು. 108ಕ್ಕೆ ಮಾಡು. ಕೊಪ್ಪಳದ ಗವಿಮಠದ ಜಾತ್ರೆಗೆ ಸಂಸಾರ ಸಮೇತ ಹೋಗಿದ್ದಾಗ ನೂಕುನುಗ್ಗಲು ಶುರುವಾಯಿತು ಅಂದರೆ ಮೊದಲು ಮಕ್ಕಳನ್ನು ಪಕ್ಕಕ್ಕೆ ನಿಲ್ಲಿಸು, ಆಮೇಲೆ ಹತ್ತಿರದ ಬಂದೋಬಸ್ತ್ ಸಿಬ್ಬಂದಿಗೆ 'ನಾನೂ ಇಲಾಖೆಯವನೇ, ಏನು ಮಾಡಲಿ ಹೇಳಿರಿ' ಅನ್ನು. ಅಲ್ಲಿ ಅವರು ಹೇಳಿದಂತೆ ಕೇಳು, ನೀನು ಹೆಡ್ ಕಾನ್‌ಸ್ಟೆಬಲ್ ಆಗಿದ್ದು ಅವರು ಪಿಸಿ ಆಗಿದ್ದರೂ ಕೂಡ. ಜಾಗ ಯಾರಿಗೆ ಗೊತ್ತೋ ಅವರ ಮಾತು ನಡೆಯಬೇಕು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿನ್ನ ಮೇಲೆ ಕ್ರಮ ಆಗುತ್ತಾ ಅಂದೆ. ಕೈ ಹಾಕಲಿಲ್ಲ ಅನ್ನುವುದಕ್ಕೆ ಆಗಬಾರದು, ನೀನು 112ಕ್ಕೆ ಕರೆ ಮಾಡಿದ್ದೀಯ. ಆದರೆ ನೋಡಿದ್ದನ್ನು ಹೇಳದೆ ಹೋದದ್ದನ್ನು ಯಾರಾದರೂ ಕೇಳಿದರೆ ನಿನ್ನ ಬಳಿ ಉತ್ತರ ಇಲ್ಲ. ನಿನಗೂ ಗೊತ್ತು, ಠಾಣೆಯಲ್ಲಿ ಒಂದು ಹೊಡೆದಾಟದ ಕೇಸು ಬಂದರೆ ನಾವು ಮೊದಲು ಹುಡುಕುವುದು ಏನನ್ನು? ನೋಡಿದವರನ್ನು. ನೂರು ಜನ ನಿಂತಿರುತ್ತಾರೆ, 'ನಾನು ಅಕಡೆ ಮುಖ ಮಾಡಿದ್ದೆ ಸಾಹೇಬ್ರ' ಅನ್ನುತ್ತಾರೆ. ಅವರಿಗೆ ಕೋರ್ಟು ಅಲೆಯುವ ಭಯ, ಕೂಲಿ ಹೋಗುತ್ತದೆ ಅನ್ನುವ ಚಿಂತೆ. ನೀನು ಆ ನೂರು ಜನರಲ್ಲಿ ಒಬ್ಬನಾಗಬಾರದಿತ್ತು. ಎತ್ತರ, ಬಟ್ಟೆ, ಯಾವ ಕೈಯಲ್ಲಿ ಚಾಕು ಇತ್ತು, ಬೈಕ್ ಯಾವ ಕಡೆ ತಿರುಗಿತು ಅಂತ ನೆನಪಿಟ್ಟುಕೊಂಡು ಹೇಳಲು ತರಬೇತಿ ಪಡೆದವನು ಆ ನಿಲ್ದಾಣದಲ್ಲಿ ನೀನೊಬ್ಬನೇ ಇದ್ದೆಯೋ ಏನೋ. ಆ ಗಾಯವಾದ ಹುಡುಗನ ಕೇಸಿಗೆ ನಿನ್ನ ಕಣ್ಣು ಹತ್ತು ಲಾಠಿಗಿಂತ ಜಾಸ್ತಿ ಕೆಲಸ ಮಾಡುತ್ತಿತ್ತು.

ಇನ್ನೂ ತಡ ಆಗಿಲ್ಲ. ಮೊದಲು ನಿಮ್ಮ ಠಾಣೆಯ ಪಿಎಸ್‌ಐ ಸಾಹೇಬರಿಗೆ ಎಲ್ಲ ಹೇಳು, ಬೇರೆಯವರ ಬಾಯಿಂದ ಅವರಿಗೆ ತಿಳಿಯುವುದು ಬೇಡ. ಆಮೇಲೆ ಗಂಗಾವತಿಗೆ ಹೋಗಿ ಕೇಸು ಯಾವ ಠಾಣೆಯಲ್ಲಿದೆ ಅಂತ ವಿಚಾರಿಸಿ ತನಿಖಾಧಿಕಾರಿಯನ್ನು ನೋಡು. ದಿನ, ಹೊತ್ತು, ನೀನು ನಿಂತ ಜಾಗ, ಕಂಡದ್ದು, ಕೂಗಿದ್ದು, ಫೋನ್ ಮಾಡಿದ್ದು, ಬೈಕ್ ನಂಬರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ಬಸ್ ಹತ್ತಿದ್ದನ್ನೂ ಬರೆ, ಮುಚ್ಚಿಡಬೇಡ, ಹೆಂಡತಿ ಮಗು ಇದ್ದರು ಅಂತಲೇ ಬರೆ. ಕಾಣದ್ದನ್ನು ಕಂಡೆ ಅನ್ನಬೇಡ. ನಂಬರಿನಲ್ಲಿ ಒಂದು ಅಂಕಿ ಅನುಮಾನ ಇದ್ದರೆ ಅನುಮಾನ ಅಂತಲೇ ಹೇಳು. ಅವರು ಸಾಕ್ಷಿಯಾಗಿ ನಿನ್ನ ಹೇಳಿಕೆ ತೆಗೆದುಕೊಳ್ಳುತ್ತಾರೆ. ಮುಂದೆ ಸಮನ್ಸ್ ಬಂದರೆ ಹೋಗಿ ಹೇಳು. ಅಲ್ಲಿಯವರೆಗೆ ಫೋನಿನ ಕಾಲ್ ಲಾಗ್ ಅಳಿಸಬೇಡ, ಒಂದು ಸ್ಕ್ರೀನ್‌ಶಾಟ್ ತೆಗೆದಿಡು. 112ಕ್ಕೆ ಮಾಡಿದ ಹೊತ್ತು ಅದರಲ್ಲಿದೆ.